ಪಾಂಪೆಯ ವೆಟೂಟಿಯಸ್ ಪ್ಲಾಸಿಡಸ್ ಅಂಗಡಿ: ಕಟ್ಟೆಯೊಳಗಿನ ಗುಡಾಣಗಳಲ್ಲಿ ಏನಿತ್ತು?

ದೂರದಾರಿ:

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಕೆಲಸದ ನಿಮಿತ್ತ ನೇಪಲ್ಸ್‌ನಲ್ಲಿ ನಾಲ್ಕು ದಿನ ಇರಬೇಕಾಗಿ ಬಂದಿತ್ತು. ಅದರಲ್ಲಿ ಒಂದು ದಿನವನ್ನು ಪೂರ್ತಿಯಾಗಿ, ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ರೋಮನ್ ಊರಾದ ಪಾಂಪೆಗೆ ಮೀಸಲಿಟ್ಟೆ. ಆ ಊರಿನ ದೊಡ್ಡ ಮನೆಗಳು, ಸ್ನಾನಗೃಹಗಳು, ರಂಗಮಂದಿರಗಳ ಬಗ್ಗೆ ಓದಲು ಸಾಕಷ್ಟು ಸಿಗುತ್ತದೆ. ನಾನು ಕೇಳಬೇಕೆಂದಿರುವುದು ಒಂದೇ ಒಂದು ಅಂಗಡಿಯ ವಿಷಯ.

ಊರಿನ ನಡುವೆ ಪೂರ್ವ–ಪಶ್ಚಿಮವಾಗಿ ಹಾದುಹೋಗುವ ವಿಯಾ ದೆಲ್ಲಬೊಂದಾಂಜ ಎಂಬ ರಾಜಬೀದಿಯ ದಕ್ಷಿಣದ ಮಗ್ಗುಲಲ್ಲಿ ವೆಟೂಟಿಯಸ್ ಪ್ಲಾಸಿಡಸ್ ಎಂಬಾತನದೆಂದು ಗುರುತಿಸಲಾದ ಆಹಾರದಂಗಡಿಯಿದೆ. ಬೀದಿಗೆ ತೆರೆದುಕೊಂಡ ಅಗಲವಾದ ಬಾಯಿ, ಮೊಣಕೈಯಂತೆ ತಿರುಗಿದ ಗಾರೆಯ ಕಟ್ಟೆ, ಕಟ್ಟೆಯ ಮೈಗೆ ಬಣ್ಣಬಣ್ಣದ ಅಮೃತಶಿಲೆಯ ಚೂರುಗಳ ಹೊದಿಕೆ, ಮೇಲ್ಮೈಯಲ್ಲಿ ಸಾಲಾಗಿ ದುಂಡನೆಯ ಬಾಯಿಗಳು. ಪ್ರತಿಯೊಂದು ಬಾಯಿಯ ಕೆಳಗೆ ಕಟ್ಟೆಯೊಳಗೇ ಹುದುಗಿಸಿದ ಮಣ್ಣಿನ ಗುಡಾಣ. ಹಿಂದಿನ ಗೋಡೆಯಲ್ಲಿ ಪುಟ್ಟ ಗುಡಿಯ ಮುಖದಂತೆ ಗಾರೆಯಲ್ಲಿ ಕಟ್ಟಿದ ದೇವರ ಗೂಡು: ನಡುವೆ ಯಜಮಾನನ ರಕ್ಷಕ ದೇವತೆ, ಅಕ್ಕಪಕ್ಕದಲ್ಲಿ ಮನೆದೇವತೆಗಳಾದ ಲಾರೆಗಳು, ಎರಡು ತುದಿಗಳಲ್ಲಿ ವ್ಯಾಪಾರದ ದೇವರು ಮರ್ಕ್ಯುರಿ ಮತ್ತು ದ್ರಾಕ್ಷಾರಸದ ದೇವರು ಡಯೊನೈಸಸ್, ಕೆಳಗೆ ಎರಡು ಹಾವುಗಳು. ಅಂಗಡಿಯ ಹಿಂದೆ ಯಜಮಾನನ ಮನೆ.

ನಮ್ಮ ಗುಂಪಿನ ಮಾರ್ಗದರ್ಶಕರು ‘ಇದು ರೋಮನ್ನರ ಫಾಸ್ಟ್‌ಫುಡ್ ಅಂಗಡಿ, ಈ ತೂತುಗಳಲ್ಲಿ ಬಿಸಿ ಸಾರು ಇರುತ್ತಿತ್ತು’ ಎಂದು ಹೇಳಿ ಎರಡೇ ನಿಮಿಷದಲ್ಲಿ ಮುಂದೆ ಹೊರಟರು. ನಾನು ಗುಂಪನ್ನು ಬಿಟ್ಟು ಅಲ್ಲೇ ಉಳಿದುಕೊಂಡೆ. ಬೀದಿಯ ಅಂಚಿನಲ್ಲಿ ನಿಂತು ಎಷ್ಟು ಹೊತ್ತು ನೋಡಿದರೂ ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಗುಡಾಣವನ್ನು ಹೊರಗೆ ತೆಗೆಯಲು ಬರುವುದಿಲ್ಲ, ಅದರ ಕೆಳಗೆ ಬೆಂಕಿ ಹಾಕಲು ಜಾಗವಿಲ್ಲ, ತಳದಲ್ಲಿ ನೀರು ಹರಿದುಹೋಗಲು ರಂಧ್ರವೂ ಇಲ್ಲ. ಮೇಲಾಗಿ, ಈ ಅಂಗಡಿಯನ್ನು ಅಗೆದಾಗ ಒಂದು ಗುಡಾಣದಲ್ಲಿ ಸಿಕ್ಕಿದ್ದು ಸಾರಿನ ಕುರುಹಲ್ಲ, 1,300ಕ್ಕೂ ಹೆಚ್ಚು ಚಿಲ್ಲರೆ ನಾಣ್ಯಗಳು. ಸಾರಿನ ಗುಡಾಣದಲ್ಲಿ ಯಾರಾದರೂ ದುಡ್ಡು ಹಾಕುತ್ತಾರೆಯೇ?

ಹಾಗಾದರೆ ಈ ಗುಡಾಣಗಳಲ್ಲಿ ನಿಜವಾಗಿ ಏನಿರುತ್ತಿತ್ತು? ಇಂಥ ಅಂಗಡಿಯನ್ನು ನೋಡಲು ಹೋದವರು ಯಾವುದನ್ನು ಗಮನಿಸಬೇಕು? ಬಲ್ಲವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಒಲೆಯಮುಂದೆ:

ದೂರದಾರಿ ಅವರೇ, ನಾನು ಇತಿಹಾಸ ಓದಿದವನಲ್ಲ. ಮೂವತ್ತೆರಡು ವರ್ಷ ಹೋಟೆಲು ನಡೆಸಿದವನು, ಅದಕ್ಕೂ ಮುಂಚೆ ತಂದೆಯವರ ಹೋಟೆಲಿನಲ್ಲಿ ಪಾತ್ರೆ ತೊಳೆಯುವುದರಿಂದ ಕೆಲಸ ಕಲಿತವನು. ತಾವು ಹಾಕಿರುವ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದೆ. ತಮ್ಮ ಸಂಶಯ ಸರಿಯಾಗಿದೆ ಎಂದು ನನ್ನ ಅನುಭವ ಹೇಳುತ್ತದೆ.

ಬೇಯಿಸಿದ ಪದಾರ್ಥವನ್ನು ಹಾಕುವ ಪಾತ್ರೆಗೆ ಎರಡು ಗುಣ ಬೇಕು. ಎತ್ತಿ ಒಯ್ಯಲು ಬರಬೇಕು, ಕವಿಚಿಹಾಕಿ ತೊಳೆಯಲು ಬರಬೇಕು. ಗಾರೆಯಲ್ಲಿ ಹೂತ ಮಣ್ಣಿನ ಗುಡಾಣಕ್ಕೆ ಇವೆರಡೂ ಇಲ್ಲ. ಒಳಮೈಗೆ ಹೊಳಪಿನ ಲೇಪವಿಲ್ಲದ ಮಣ್ಣು ಎಣ್ಣೆಯನ್ನೂ ಹುಳಿಯನ್ನೂ ಹೀರಿಕೊಳ್ಳುತ್ತದೆ. ಬೇಸಿಗೆಯಲ್ಲಿ ಒಂದೇ ರಾತ್ರಿಯಲ್ಲಿ ಕಮಟು ವಾಸನೆ ಹಿಡಿಯುತ್ತದೆ, ಮರುದಿನ ಅದರಲ್ಲಿ ಹಾಕಿದ್ದೆಲ್ಲ ಕೆಡುತ್ತದೆ. ಗಿರಾಕಿಯ ಕಣ್ಣೆದುರಿಗೆ ಇರುವ ಪಾತ್ರೆಯ ವಿಷಯದಲ್ಲಿ ಯಾವ ಕಾಲದ ಅಂಗಡಿಕಾರನೂ ಇಷ್ಟು ಅಜಾಗರೂಕನಾಗಿರಲಾರ. ಕಾಳು, ಒಣಗಿದ ಹಣ್ಣು, ಬೀಜ ಇಂಥವುಗಳಾದರೆ ಆ ಗುಡಾಣ ಬಹಳ ಅನುಕೂಲದ್ದು: ತಂಪಾಗಿರುತ್ತದೆ, ಇಲಿ ಬಾಯಿಹಾಕದಂತೆ ಮುಚ್ಚಳ ಮುಚ್ಚಬಹುದು, ನಿಂತಲ್ಲಿಂದಲೇ ಕೈಹಾಕಿ ಅಳೆದು ಕೊಡಬಹುದು.

ನನ್ನದೊಂದು ಪ್ರಶ್ನೆಯೂ ಇದೆ. ಅಂಗಡಿಯಲ್ಲಿ ಒಲೆ ಎಲ್ಲಿದೆ? ಹೊಗೆ ಎಲ್ಲಿಂದ ಹೋಗುತ್ತದೆ? ಒಲೆಯ ಜಾಗ ಗೊತ್ತಾದರೆ ಆ ಅಂಗಡಿಯ ಅರ್ಧ ಕೆಲಸ ಗೊತ್ತಾದಂತೆ.

ಮಣ್ಣುಗೋಡೆ:

ನಾನು ಇಟಲಿಯಲ್ಲಿ ಹಳೆಯ ಕಟ್ಟಡಗಳ ಸಂರಕ್ಷಣೆಯನ್ನು ಓದುತ್ತಿರುವ ವಿದ್ಯಾರ್ಥಿನಿ. ಒಲೆಯಮುಂದೆ ಸರ್ ಅವರು ಕೇವಲ ಅನುಭವದಿಂದ ಹೇಳಿದ್ದನ್ನೇ ಹಲವು ವಿದ್ವಾಂಸರೂ ವಾದಿಸಿದ್ದಾರೆ ಎಂಬುದನ್ನು ಸಂತೋಷದಿಂದ ತಿಳಿಸುತ್ತೇನೆ. ಪಾಂಪೆಯೊಂದಿಗೇ ನಾಶವಾದ ಪಕ್ಕದ ಹರ್ಕ್ಯುಲೇನಿಯಂ ಎಂಬ ಊರಿನಲ್ಲಿ ಕೆಲವು ಕಟ್ಟೆಗಳ ಗುಡಾಣಗಳಲ್ಲಿ ಸುಟ್ಟು ಕರಿಕಾದ ಕಾಳು, ಕಾಯಿಗಳಂಥ ಒಣ ಪದಾರ್ಥಗಳೇ ಸಿಕ್ಕಿವೆ. ‘ಬಿಸಿ ಸಾರಿನ ಗುಡಾಣ’ ಎಂಬ ಕಲ್ಪನೆ ಬಹುಮಟ್ಟಿಗೆ ಹೆಸರಿನಿಂದ ಹುಟ್ಟಿದ್ದು. ಇಂಥ ಅಂಗಡಿಗಳನ್ನು ಇಂದು ‘ಥರ್ಮೊಪೋಲಿಯಂ’ ಎನ್ನುತ್ತಾರೆ. ಗ್ರೀಕಿನಿಂದ ಬಂದ ಈ ಪದಕ್ಕೆ ಬಿಸಿಯಾದದ್ದನ್ನು ಮಾರುವ ಜಾಗ ಎಂದರ್ಥ. ಪ್ಲಾಟಸ್ ಎಂಬ ಹಳೆಯ ನಾಟಕಕಾರನಲ್ಲಿ ಅದು ಬರುತ್ತದೆಯೇ ಹೊರತು, ರೋಮನ್ನರು ಸಾಮಾನ್ಯವಾಗಿ ಬಳಸುತ್ತಿದ್ದುದು ‘ಪೊಪೀನ’, ‘ಕೌಪೋನ’, ‘ತಬೆರ್ನ’ ಎಂಬ ಮಾತುಗಳನ್ನು. ಅಪರೂಪದ ಪದವೊಂದನ್ನು ಆರಿಸಿ ಎಲ್ಲ ಅಂಗಡಿಗಳಿಗೂ ಹಚ್ಚಿದ ಮೇಲೆ, ಗುಡಾಣದಲ್ಲಿ ಬಿಸಿ ಅಡುಗೆಯಿರಲೇಬೇಕೆಂಬ ಕಥೆ ತಾನಾಗಿ ಬೆಳೆಯಿತು.

ಆದರೆ ವಿಷಯವನ್ನು ಇಲ್ಲಿಗೇ ಮುಗಿಸುವಂತಿಲ್ಲ. ಪಾಂಪೆಯ ಐದನೆಯ ವಲಯದಲ್ಲಿ, ಎರಡು ಕಿರುಬೀದಿಗಳು ಸೇರುವ ಮೂಲೆಯಲ್ಲಿ, 2019ರಲ್ಲಿ ಒಂದು ಕಟ್ಟೆಯ ಭಾಗ ಕಾಣಿಸಿಕೊಂಡಿತು. ಅದರ ಪೂರ್ಣ ಉತ್ಖನನದ ಸುದ್ದಿ 2020ರ ಡಿಸೆಂಬರ್ ಕೊನೆಯಲ್ಲಿ ಹೊರಬಂತು. 2021ರ ಆಗಸ್ಟ್‌ನಲ್ಲಿ ಜನರಿಗೆ ತೆರೆಯಿತು. ಹಳೆಯ ಉತ್ಖನನಗಳಲ್ಲಿ ಅಗೆದವರು ಗುಡಾಣದೊಳಗಿನ ಮಣ್ಣನ್ನು ಬಳಿದು ಎಸೆದುಬಿಡುತ್ತಿದ್ದರು. ಈ ಬಾರಿ ಆ ಮಣ್ಣನ್ನೇ ಪ್ರಯೋಗಾಲಯಕ್ಕೆ ಕಳುಹಿಸಿದರು. ಬಾತುಕೋಳಿಯ ಮೂಳೆಯ ಚೂರು, ಹಂದಿ, ಆಡು, ಮೀನು, ನೆಲದ ಬಸವನಹುಳು ಇವುಗಳ ಅವಶೇಷ ಸಿಕ್ಕಿತು. ಇನ್ನೊಂದು ಗುಡಾಣದ ತಳದಲ್ಲಿ ಅರೆದ ಫಾವಾ ಅವರೆಕಾಳು ಇತ್ತು. ದ್ರಾಕ್ಷಾರಸದ ಬಣ್ಣವನ್ನು ತಿಳಿಗೊಳಿಸಲು ಈ ಕಾಳನ್ನು ಹಾಕುವ ಪದ್ಧತಿ ಆಪಿಸಿಯಸ್ ಹೆಸರಿನಲ್ಲಿ ಉಳಿದುಬಂದಿರುವ ಅಡುಗೆಯ ಗ್ರಂಥದಲ್ಲಿದೆ. ಅಂದರೆ ಅಲ್ಲಿ ಒಂದು ಗುಡಾಣದಲ್ಲಾದರೂ ದ್ರವವಿತ್ತು, ಬೇರೆಡೆ ಮಾಂಸದ ಪದಾರ್ಥವಿತ್ತು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ‘ರೋಮನ್ ಅಂಗಡಿಯ ಗುಡಾಣದಲ್ಲಿ ಇಂಥದೇ ಇರುತ್ತಿತ್ತು’ ಎಂಬ ಒಂದೇ ಉತ್ತರವನ್ನು ಹುಡುಕುವುದೇ ತಪ್ಪು ದಾರಿ. ಪಾಂಪೆಯ ಆಡಳಿತದ ಲೆಕ್ಕದಂತೆ ಆ ಊರೊಂದರಲ್ಲೇ ಇಂಥ ಸುಮಾರು 80 ಅಂಗಡಿಗಳಿವೆ. ಅವೆಲ್ಲವೂ ಒಂದೇ ಸರಕನ್ನು ಒಂದೇ ರೀತಿಯಲ್ಲಿ ಮಾರುತ್ತಿದ್ದವೆಂದು ಯಾಕೆ ಭಾವಿಸಬೇಕು?

ಒಲೆಯ ಬಗ್ಗೆ: ಹಲವು ಅಂಗಡಿಗಳಲ್ಲಿ ಕಟ್ಟೆಯ ತುದಿಯಲ್ಲೋ ಹಿಂದಿನ ಕೋಣೆಯಲ್ಲೋ ಚಿಕ್ಕ ಒಲೆಯ ಗುರುತಿದೆ. ಬೀದಿಯ ಕಡೆಗಿದ್ದ ಒಲೆಯ ಹೊಗೆ ಬೀದಿಗೇ ಹೋಗುತ್ತಿತ್ತು. ಬೇಯಿಸಿದ್ದು ಕಂಚಿನ ಅಥವಾ ಮಣ್ಣಿನ ಪಾತ್ರೆಗಳಲ್ಲಿ, ಆ ಒಲೆಯ ಮೇಲೆ. ಐದನೆಯ ವಲಯದ ಅಂಗಡಿಯಲ್ಲಿ ಕಂಚಿನ ಬೋಗುಣಿ, ಹೂಜಿಗಳು ಮತ್ತು ಅಡುಗೆಯ ಮಡಕೆ ಸಹ ದೊರೆತಿವೆ.

ತಿರುಗಾಟ:

ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಮುಂದಿನ ತಿಂಗಳು ನಾನು ಮತ್ತು ನನ್ನ ತಾಯಿ ರೋಮ್, ನೇಪಲ್ಸ್ ಕಡೆಗೆ ಹೋಗುವವರಿದ್ದೇವೆ. ತಾಯಿಯವರಿಗೆ ಅರವತ್ತೆಂಟು ವರ್ಷ, ಮೊಣಕಾಲು ನೋವಿದೆ. ದೊಡ್ಡ ಅರಮನೆಗಳಿಗಿಂತ ಇಂಥ ಅಂಗಡಿ, ಅಡುಗೆಮನೆಗಳನ್ನು ನೋಡುವುದೆಂದರೆ ಅವರಿಗೆ ಬಹಳ ಇಷ್ಟ. ಪಾಂಪೆಯ ಹಾದಿ ಅವರಿಗೆ ಆಗುವಂತಿದೆಯೇ? ಇನ್ನೊಂದು ಸಂಗತಿ: ಈ ಕಟ್ಟೆಗಳ ಹಿಂದೆ ನಿಂತು ಮಾರುತ್ತಿದ್ದವರು ಗಂಡಸರೇ, ಹೆಂಗಸರೂ ಇದ್ದರೇ?

ದೂರದಾರಿ:

ತಿರುಗಾಟ ಅವರೇ, ನೇರವಾಗಿ ಹೇಳುತ್ತೇನೆ, ಅಮ್ಮನವರಿಗೆ ಪಾಂಪೆ ಕಷ್ಟವಾಗಬಹುದು. ಬೀದಿಗಳಿಗೆ ಹಾಸಿರುವ ಕಪ್ಪು ಲಾವಾಕಲ್ಲುಗಳು ಉಬ್ಬುತಗ್ಗಾಗಿವೆ, ಗಾಡಿಯ ಚಕ್ರಗಳು ಕೊರೆದ ಗೆರೆಗಳು ಆಳವಾಗಿವೆ, ಕಾಲುದಾರಿಗಳು ಎತ್ತರದಲ್ಲಿವೆ. ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ದಾಟಲು ಬೀದಿಯ ನಡುವೆ ದೊಡ್ಡ ಮೆಟ್ಟುಗಲ್ಲುಗಳನ್ನು ನೆಟ್ಟಿದ್ದಾರೆ, ಅವು ನುಣ್ಣಗೆ ಸವೆದಿವೆ. ನೆರಳು ಬಹಳ ಕಡಿಮೆ. ನೇಪಲ್ಸ್‌ನಿಂದ ವೆಸೂವಿಯಸ್ಸನ್ನು ಸುತ್ತುವ ಲೋಕಲ್ ರೈಲಿನಲ್ಲಿ ಸುಮಾರು ನಲವತ್ತು ನಿಮಿಷದ ಪ್ರಯಾಣ. ಇಳಿಯುವ ನಿಲ್ದಾಣದ ಎದುರಿಗೇ ಪೋರ್ತಾ ಮರೀನಾ ದ್ವಾರವಿದೆ, ಆದರೆ ಅಲ್ಲಿಂದ ಏರುದಾರಿ. ವೆಟೂಟಿಯಸ್‌ನ ಅಂಗಡಿ ಮತ್ತು ಆ ಬೀದಿಯನ್ನು ಮಾತ್ರ ನೋಡುವುದಾದರೆ ಪೂರ್ವದಲ್ಲಿರುವ ಅಂಫಿಥಿಯೇಟರ್ ಕಡೆಯ ದ್ವಾರದಿಂದ ಹೋಗುವುದು ಒಳಿತು. 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನರಿಗೆ ಮಾತ್ರ ಪ್ರವೇಶ, ಟಿಕೆಟ್ಟಿನ ಮೇಲೆ ಹೆಸರು ಇರುತ್ತದೆ. ಗುರುತಿನ ಚೀಟಿಯನ್ನು ಮರೆಯಬೇಡಿ.

ಹೆಂಗಸರ ವಿಷಯಕ್ಕೆ ಅದೇ ಬೀದಿಯಲ್ಲಿ ಉತ್ತರವಿದೆ. ಅಸೆಲೀನ ಎಂಬ ಹೆಸರಿನಿಂದ ಕರೆಯಲಾಗುವ ಅಂಗಡಿಯ ಹೊರಗೋಡೆಯ ಮೇಲೆ ಚುನಾವಣೆಯ ಬರಹಗಳಿದ್ದವು. ಇಂಥವರನ್ನು ಆರಿಸಿರೆಂದು ಬಣ್ಣದಲ್ಲಿ ಬರೆಸಿದ ಆ ಕೋರಿಕೆಗಳಲ್ಲಿ ಅಸೆಲೀನ, ಈಗ್ಲೆ, ಮಾರಿಯ, ಸ್ಮಿರೀನ ಎಂಬ ಹೆಂಗಸರ ಹೆಸರುಗಳಿವೆ. ಮತ ಹಾಕುವ ಹಕ್ಕು ಅವರಿಗಿರಲಿಲ್ಲ. ಆದರೂ ತಮ್ಮ ಅಂಗಡಿಯ ಗೋಡೆಯ ಮೇಲೆ ತಮ್ಮ ಹೆಸರಿನಲ್ಲಿ ಬೆಂಬಲ ಸಾರಿದ್ದಾರೆ. ಅವರು ಒಡತಿಯರೋ ಕೆಲಸದವರೋ ಗುಲಾಮರೋ ಎಂಬುದನ್ನು ಆ ಬರಹ ಹೇಳುವುದಿಲ್ಲ. ಅಂಗಡಿಯಲ್ಲಿ ಅವರಿದ್ದರು ಎಂಬುದನ್ನಂತೂ ಹೇಳುತ್ತದೆ.

ಅಲ್ಲಿಗೆ ಹೋದವರು ಹೊಸ್ತಿಲನ್ನು ಮರೆಯದೆ ನೋಡಬೇಕು. ನಾನು ಕಟ್ಟೆಯ ಮೇಲಿನ ಬಣ್ಣದ ಕಲ್ಲುಗಳಿಗೆ ಮರುಳಾಗಿ ಮೊದಲ ಅರ್ಧ ಗಂಟೆ ಅದನ್ನು ಗಮನಿಸಿರಲಿಲ್ಲ. ಅಂಗಡಿಗಳ ಕಲ್ಲಿನ ಹೊಸ್ತಿಲಿನ ಉದ್ದಕ್ಕೂ ಒಂದು ಸಣ್ಣ ತೋಡು ಕೊರೆದಿರುತ್ತದೆ. ಮರದ ಹಲಗೆಗಳನ್ನು ಒಂದರ ಪಕ್ಕ ಒಂದರಂತೆ ಆ ತೋಡಿನಲ್ಲಿ ನಿಲ್ಲಿಸುತ್ತ ಬಂದು, ಒಂದು ತುದಿಯಲ್ಲಿ ತಿರುಗುವ ಕದವೊಂದನ್ನು ಬಿಟ್ಟು, ರಾತ್ರಿ ಅಂಗಡಿ ಮುಚ್ಚುತ್ತಿದ್ದರು. ಹಲಗೆ ಕೊಳೆತುಹೋದರೂ ಬೂದಿಯಲ್ಲಿ ಉಳಿದ ಅದರ ಟೊಳ್ಳಿಗೆ ಜಿಪ್ಸಂ ಗಾರೆ ಸುರಿದು ತೆಗೆದ ಎರಕವೊಂದು ಆ ಬೀದಿಯಲ್ಲಿದೆ. ನಮ್ಮ ಹಳೆಯ ಪೇಟೆಗಳ ಹಲಗೆಬಾಗಿಲಿನ ಅಂಗಡಿಗಳನ್ನು ಕಂಡವರಿಗೆ ಅದರ ಮುಂದೆ ಯಾವ ವಿವರಣೆಯೂ ಬೇಕಾಗುವುದಿಲ್ಲ.

ಹಳೇನಾಣ್ಯ:

ಮಹನೀಯರೇ, ನಾನು ನಿವೃತ್ತ ಇತಿಹಾಸ ಉಪನ್ಯಾಸಕ. ನಾಣ್ಯಗಳ ವಿಷಯ ಬಂದುದರಿಂದ ಬರೆಯುತ್ತಿದ್ದೇನೆ.

ಆ ಗುಡಾಣದಲ್ಲಿ ಸಿಕ್ಕಿದ ನಾಣ್ಯಗಳು ಆಸ್ ಮತ್ತು ಅದರ ಕಾಲುಭಾಗವಾದ ಕ್ವಾಡ್ರನ್ಸ್ ಎಂಬ ಚಿಲ್ಲರೆ. ನಾಲ್ಕು ಆಸ್‌ಗೆ ಒಂದು ಸೆಸ್ಟರ್ಸ್, ನಾಲ್ಕು ಸೆಸ್ಟರ್ಸ್‌ಗೆ ಒಂದು ಬೆಳ್ಳಿಯ ದಿನಾರಿ. ಈ ಚಿಲ್ಲರೆಗೆ ಏನು ಬರುತ್ತಿತ್ತು ಎಂಬುದನ್ನು ಪಾಂಪೆಯದೇ ಇನ್ನೊಂದು ಪಾನಗೃಹದ ಗೋಡೆಬರಹ ತಿಳಿಸುತ್ತದೆ. ಹೆಡೊನೆ ಎಂಬಾಕೆ ಸಾರುವಂತೆ ಬರೆದಿರುವ ಅದರ ತಾತ್ಪರ್ಯ ಹೀಗಿದೆ: ಒಂದು ಆಸ್‌ಗೆ ಇಲ್ಲಿ ಕುಡಿಯಬಹುದು, ಎರಡು ಕೊಟ್ಟರೆ ಇದಕ್ಕಿಂತ ಉತ್ತಮವಾದದ್ದನ್ನು, ನಾಲ್ಕು ಕೊಟ್ಟರೆ ಫಲೆರ್ನಿಯನ್ ಕುಡಿಯಬಹುದು. ಫಲೆರ್ನಿಯನ್ ಎಂಬುದು ಆ ಸೀಮೆಯ ಹೆಸರಾಂತ ದ್ರಾಕ್ಷಾರಸ. ಹೀಗಿರುವಾಗ ಆ ಗುಡಾಣದ ದುಡ್ಡು ನೂರಾರು ಜನ ಒಂದು ಲೋಟಕ್ಕೆ, ಒಂದು ತುತ್ತಿಗೆ ಕೊಟ್ಟ ಕಾಸುಗಳ ರಾಶಿ. ಅದು ಒಂದು ದಿನದ ಗಳಿಕೆಯೆಂದು ಮಾರ್ಗದರ್ಶಕರು ಹೇಳುವುದುಂಟು. ಒಂದು ದಿನಕ್ಕೆ ಅದು ಹೆಚ್ಚಾಯಿತೆಂದೇ ನನಗೆ ತೋರುತ್ತದೆ. ಕೂಡಿಟ್ಟದ್ದೂ ಆಗಿರಬಹುದು, ಬೂದಿಮಳೆ ಶುರುವಾದಾಗ ಭಾರದ ಚೀಲವನ್ನು ಹೊತ್ತು ಓಡಲಾರದೆ ಮರಳಿ ಬಂದು ತೆಗೆದುಕೊಳ್ಳೋಣವೆಂದು ಗುಡಾಣಕ್ಕೆ ಇಳಿಬಿಟ್ಟದ್ದೂ ಆಗಿರಬಹುದು. ಆದುದರಿಂದ, ದೂರದಾರಿ ಅವರೇ, ಆ ಗುಡಾಣದಲ್ಲಿ ದುಡ್ಡು ಸಿಕ್ಕಿತೆಂಬ ಕಾರಣಕ್ಕೆ ಅದರಲ್ಲಿ ಎಂದೂ ಬೇರೇನೂ ಇರಲಿಲ್ಲವೆಂದು ತೀರ್ಮಾನಿಸಲಾಗದು. ಅದು ಕೊನೆಯ ದಿನದ ಚಿತ್ರ, ಪ್ರತಿದಿನದ್ದಲ್ಲ.

ಇನ್ನು ಆ ಬೀದಿಯಲ್ಲಿ ನಮಗೆ ಸಂಬಂಧಿಸಿದ ಒಂದು ಸಂಗತಿಯಿದೆ. ವೆಟೂಟಿಯಸ್‌ನ ಅಂಗಡಿಯಿರುವ ಸಾಲಿನಲ್ಲೇ ಕೆಲವೇ ಬಾಗಿಲುಗಳ ಆಚೆ ‘ಭಾರತೀಯ ಪ್ರತಿಮೆಯ ಮನೆ’ ಎಂದು ಹೆಸರಿಟ್ಟಿರುವ ಮನೆಯಿದೆ. ಅಲ್ಲಿ 1938ರಲ್ಲಿ ಅಮೆದಿಯೊ ಮೈಯೂರಿ ಅವರ ಉತ್ಖನನದಲ್ಲಿ ಒಂದು ಗೇಣಿನಷ್ಟು ಎತ್ತರದ ದಂತದ ಸ್ತ್ರೀಪ್ರತಿಮೆ ದೊರೆಯಿತು. ಮೈತುಂಬ ಆಭರಣ, ಎರಡು ಮಗ್ಗುಲಲ್ಲಿ ಇಬ್ಬರು ಪುಟ್ಟ ಸೇವಕಿಯರು. ಮೊದಲು ಅದನ್ನು ಲಕ್ಷ್ಮಿಯೆಂದು ಕರೆದರು. ಈಗ ಯಕ್ಷಿಯೆಂದು ಹೇಳುವವರೇ ಹೆಚ್ಚು. ಇದನ್ನು ಹೋಲುವ ದಂತದ ಕೆಲಸ ಮಹಾರಾಷ್ಟ್ರದ ಭೋಕರ್ದನ್‌ನಲ್ಲಿ ಸಿಕ್ಕಿದೆ. ಪ್ರತಿಮೆ ಈಗ ನೇಪಲ್ಸ್‌ನ ರಾಷ್ಟ್ರೀಯ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿಗೆ ಹೋದ ಕನ್ನಡಿಗರು ಅದನ್ನು ನೋಡದೆ ಬರಬಾರದು.

ಒಲೆಯಮುಂದೆ:

ಹಳೇನಾಣ್ಯ ಸರ್, ತಮ್ಮ ಬರಹದಿಂದ ಬಹಳ ತಿಳಿಯಿತು. ದಂತದ ಗೊಂಬೆ ಶ್ರೀಮಂತರ ಮನೆಯದು. ನನಗೆ ತಿಳಿಯಬೇಕಾಗಿರುವುದು ಅಡುಗೆಯದು. ನಮ್ಮ ಕಡೆಯ ಕಾಳುಮೆಣಸು ಆ ಅಂಗಡಿಯ ಒಲೆಯವರೆಗೂ ತಲುಪುತ್ತಿತ್ತೇ, ಅಥವಾ ಅದೂ ಶ್ರೀಮಂತರ ಮನೆಯಲ್ಲೇ ನಿಲ್ಲುತ್ತಿತ್ತೇ?

ಹಳೇನಾಣ್ಯ:

ಬೆಲೆಯ ಲೆಕ್ಕದಿಂದ ನೋಡೋಣ. ಹಿರಿಯ ಪ್ಲಿನಿ ಎಂಬ ರೋಮನ್ ಬರಹಗಾರ ತನ್ನ ಗ್ರಂಥದಲ್ಲಿ ಒಂದು ರೋಮನ್ ಪೌಂಡಿಗೆ, ಅಂದರೆ ಇಂದಿನ ಸುಮಾರು 327 ಗ್ರಾಮಿಗೆ, ಹಿಪ್ಪಲಿ 15 ದಿನಾರಿ, ಬಿಳಿಮೆಣಸು 7, ಕರಿಮೆಣಸು 4 ದಿನಾರಿ ಎಂದು ಬರೆದಿದ್ದಾನೆ. ಇದೇ ಪ್ಲಿನಿ ನೌಕಾಪಡೆಯ ಅಧಿಕಾರಿಯಾಗಿದ್ದು, ವೆಸೂವಿಯಸ್ ಸಿಡಿದಾಗ ಜನರ ನೆರವಿಗೆಂದು ಹಡಗು ಹೊರಡಿಸಿ ಪಾಂಪೆಯ ಸಮೀಪದ ಸ್ಟೇಬಿಯೆಯ ತೀರದಲ್ಲಿ ಸತ್ತವನು. ಕರಿಮೆಣಸಿನ 4 ದಿನಾರಿಯೆಂದರೆ 64 ಆಸ್. ಹೆಡೊನೆಯ ಪಾನಗೃಹದಲ್ಲಿ ಅಗ್ಗದ ದ್ರಾಕ್ಷಾರಸ 64 ಸಲ ಕುಡಿಯುವಷ್ಟು ದುಡ್ಡು. ದುಬಾರಿ ಹೌದು; ಆದರೆ ಮೆಣಸನ್ನು ಯಾರೂ ಪೌಂಡುಗಟ್ಟಲೆ ಹಾಕುವುದಿಲ್ಲ. ಒಂದು ಮಡಕೆ ಅಡುಗೆಗೆ ಹತ್ತು ಕಾಳು ಹಾಕುವುದು ಸಾಮಾನ್ಯ ಅಂಗಡಿಗೂ ಅಸಾಧ್ಯವಾಗಿರಲಾರದು. ಇದು ನನ್ನ ಊಹೆಯೆಂದು ಸ್ಪಷ್ಟವಾಗಿ ಹೇಳುತ್ತೇನೆ.

‘ನಮ್ಮ ಕಡೆಯ’ ಎಂಬ ಮಾತಿಗೆ ಒಂದು ತಿದ್ದುಪಡಿ ಬೇಕು. ‘ಎರಿತ್ರಿಯನ್ ಸಮುದ್ರದ ಪೆರಿಪ್ಲಸ್’ ಎಂಬ ಗ್ರೀಕ್ ಕೈಪಿಡಿ ಮೆಣಸಿನ ದೊಡ್ಡ ವ್ಯಾಪಾರವನ್ನು ಹೇಳುವುದು ಇಂದಿನ ಕೇರಳದ ಮುಜಿರಿಸ್ ಮತ್ತು ನೆಲ್ಕಿಂಡ ಬಂದರುಗಳ ಬಗ್ಗೆ. ಕರ್ನಾಟಕದ ನೆಲದಲ್ಲಿ ಆ ವ್ಯಾಪಾರದ ಗುರುತಾಗಿ ಉಳಿದಿರುವುದು ಮುಖ್ಯವಾಗಿ ರೋಮನ್ ನಾಣ್ಯಗಳು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದಾಗ ಟೈಬೀರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯ ದೊರೆಯಿತು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿಯೇ ಸಿಕ್ಕಿತು. ನಾನು ವಿದ್ಯಾರ್ಥಿಗಳನ್ನು ಚಂದ್ರವಳ್ಳಿಯ ಕೆರೆಯ ದಂಡೆಗೆ ಕರೆದೊಯ್ದು ಇದನ್ನು ಹೇಳುವಾಗಲೆಲ್ಲ ಒಂದು ಎಚ್ಚರಿಕೆ ಕೊಡುತ್ತಿದ್ದೆ: ಹೊರದೇಶಕ್ಕೆ ಬಂದದ್ದು ಬೆಳ್ಳಿಯ ದಿನಾರಿ, ಚಿನ್ನದ ಔರಿಯಸ್. ವೆಟೂಟಿಯಸ್‌ನ ಗುಡಾಣದಲ್ಲಿದ್ದಂಥ ಚಿಲ್ಲರೆ ಆ ಊರಿನಲ್ಲೇ ಕೈಯಿಂದ ಕೈಗೆ ಸವೆಯುವಂಥದು. ಪಾಂಪೆಯ ಅಂಗಡಿಯ ದುಡ್ಡು ನಮ್ಮಲ್ಲಿಗೆ ಬಂತೆಂದು ಯಾರೂ ಹೇಳಬಾರದು.

ಮಣ್ಣುಗೋಡೆ:

ಹಳೇನಾಣ್ಯ ಸರ್ ಅವರ ಎಚ್ಚರಿಕೆಗೆ ಧನ್ಯವಾದ. ಆಹಾರದ ವಿಷಯದಲ್ಲಿ ಇನ್ನೊಂದು ಸಂಗತಿ ಸೇರಿಸಬೇಕಾಗಿದೆ. ಪಾಂಪೆಯ ಪೋರ್ತಾ ಸ್ಟಾಬಿಯಾ ದ್ವಾರದ ಬಳಿಯ ಸಾಧಾರಣ ಊಟದಂಗಡಿಗಳ ಚರಂಡಿ ಮತ್ತು ತಿಪ್ಪೆಗುಂಡಿಗಳನ್ನು ಸಿನ್ಸಿನಾಟಿ ವಿಶ್ವವಿದ್ಯಾಲಯದ ತಂಡವು ಶೋಧಿಸಿದಾಗ ಕಾಳು, ಹಣ್ಣು, ಮೀನು, ಮೊಟ್ಟೆಗಳ ಅವಶೇಷದ ಜೊತೆಗೆ ಜಿರಾಫೆಯ ಕಾಲಿನ ಕೀಲುಮೂಳೆಯೊಂದು ಸಿಕ್ಕಿತು. ಬಡವರ ಅಂಗಡಿಯೆಂದರೆ ಗಂಜಿ ಮಾತ್ರ ಎಂಬ ನಂಬಿಕೆಯನ್ನು ಆ ಚರಂಡಿ ಅಲುಗಿಸಿದೆ.

ರೋಮನ್ ಬರಹಗಾರರು ಈ ಅಂಗಡಿಗಳನ್ನು ಕೀಳಾಗಿ ಕಂಡವರೇ. ಜೂಜು, ಜಗಳ, ಕುಡಿತದ ಜಾಗವೆಂದು ಬರೆದಿದ್ದಾರೆ. ಚಕ್ರವರ್ತಿಗಳು ಒಬ್ಬರ ನಂತರ ಒಬ್ಬರು ಇವುಗಳ ಮೇಲೆ ಕಟ್ಟಳೆ ಹೇರಿದರು: ಕ್ಲಾಡಿಯಸ್ ಬೇಯಿಸಿದ ಮಾಂಸ ಮತ್ತು ಬಿಸಿನೀರು ಮಾರುವುದನ್ನು ತಡೆದ, ನೀರೋ ಸೊಪ್ಪು, ಬೇಳೆಕಾಳುಗಳ ಹೊರತು ಬೇಯಿಸಿದ್ದೇನನ್ನೂ ಮಾರಬಾರದೆಂದ, ವೆಸ್ಪೇಸಿಯನ್ ಬೇಳೆಕಾಳು ಮಾತ್ರ ಎಂದ. ವೆಸ್ಪೇಸಿಯನ್ ಸತ್ತದ್ದು 79ರ ಜೂನ್‌ನಲ್ಲಿ, ಪಾಂಪೆ ಹೂತುಹೋಗುವ ಕೆಲವೇ ತಿಂಗಳ ಮೊದಲು. ಐದನೆಯ ವಲಯದ ಆ ಕಟ್ಟೆಯಲ್ಲೋ ಬಾತುಕೋಳಿಯೂ ಹಂದಿಯೂ ಮೀನೂ ಇವೆ. ಈ ಕಟ್ಟಳೆಗಳು ರೋಮ್ ನಗರಕ್ಕೆ ಮಾತ್ರ ಇದ್ದವೋ, ಹೊರ ಊರುಗಳಲ್ಲಿ ಯಾರೂ ಲಕ್ಷ್ಯ ಕೊಡಲಿಲ್ಲವೋ, ಹೇಗಿದ್ದರೂ ಅಂಗಡಿಯವನು ಅಡುಗೆ ನಿಲ್ಲಿಸಲಿಲ್ಲ. ಆತನ ಅಂಗಡಿಗೆ ಬರುತ್ತಿದ್ದವರಲ್ಲಿ ಬಹಳ ಮಂದಿ ಒಂದೇ ಕೋಣೆಯಲ್ಲೋ ಅಟ್ಟದಲ್ಲೋ ಬದುಕುತ್ತಿದ್ದವರು. ಅಡುಗೆಮನೆಯಿಲ್ಲದವರಿಗೆ ಬಿಸಿಯೂಟವೆಂದರೆ ಈ ಕಟ್ಟೆಯೇ. ಶ್ರೀಮಂತರು ಬರೆದ ನಿಂದೆಯನ್ನು ನಂಬಿ ಈ ಅಂಗಡಿಗಳನ್ನು ನೋಡಿದರೆ ಆ ಜನರಿಗೆ ಅನ್ಯಾಯ ಮಾಡಿದಂತೆ ಎಂಬುದು ನನ್ನ ಬಲವಾದ ಭಾವನೆ.

ಅಂಗಡಿಯವರ ಕಡೆಯಿಂದ ಬಂದ ಚಿತ್ರವೂ ಒಂದಿದೆ. ಪಾಂಪೆಯಲ್ಲಿ ಸಾಲ್ವಿಯಸ್ ಎಂಬಾತನ ಪಾನಗೃಹದ ಗೋಡೆಯ ಮೇಲೆ ಸಾಲಾಗಿ ನಾಲ್ಕು ದೃಶ್ಯಗಳನ್ನು ಬರೆಸಿ, ಪಾತ್ರಗಳ ತಲೆಯ ಮೇಲೆ ಅವರ ಮಾತುಗಳನ್ನೂ ಬರೆಸಿದ್ದರು. ಒಂದರಲ್ಲಿ ಪಾನೀಯ ತಂದ ಹೆಂಗಸಿನ ಮುಂದೆ ಇಬ್ಬರು ಅದು ತನ್ನದು, ತನ್ನದು ಎನ್ನುತ್ತಾರೆ. ಬೇಕಾದವರು ತೆಗೆದುಕೊಳ್ಳಿ ಎಂದು ಆಕೆ ಹೇಳಿ, ಓಶಿಯಾನಸ್ ಎಂಬ ಮೂರನೆಯವನನ್ನು ಕುಡಿಯಲು ಕರೆಯುತ್ತಾಳೆ. ಇನ್ನೊಂದರಲ್ಲಿ ದಾಳದ ಆಟದ ತಕರಾರು, ಕೊನೆಯದರಲ್ಲಿ ಅಂಗಡಿಯವನು ಜಗಳವಾಡುವುದಿದ್ದರೆ ಹೊರಗೆ ಹೋಗಿ ಎಂದು ಇಬ್ಬರನ್ನೂ ತಳ್ಳುತ್ತಾನೆ. ಈ ಚಿತ್ರಗಳೂ ನೇಪಲ್ಸ್‌ನ ಸಂಗ್ರಹಾಲಯದಲ್ಲೇ ಇವೆ.

ಸಂರಕ್ಷಣೆಯ ವಿದ್ಯಾರ್ಥಿನಿಯಾಗಿ ಒಂದು ವಿನಂತಿ. ಕಟ್ಟೆಯ ಮೇಲೆ ಕೈಯೂರಬೇಡಿ, ಚೀಲ ಇಡಬೇಡಿ, ಗುಡಾಣಗಳಲ್ಲಿ ಏನನ್ನೂ ಹಾಕಬೇಡಿ. ಇವುಗಳನ್ನು ಬೂದಿ ಹದಿನೇಳರಿಂದ ಹತ್ತೊಂಬತ್ತು ಶತಮಾನಗಳ ಕಾಲ ಕಾಪಾಡಿತ್ತು. ತೆರೆದ ದಿನದಿಂದ ಮಳೆ, ಬಿಸಿಲು, ಬೇರು, ಉಪ್ಪು ಮತ್ತು ನಮ್ಮ ಕೈಗಳು ಸವೆಸುತ್ತಿವೆ. 2010ರ ನವೆಂಬರ್‌ನಲ್ಲಿ ಅದೇ ಬೀದಿಯ ಒಂದು ದೊಡ್ಡ ಕಟ್ಟಡ ಮಳೆಗೆ ಕುಸಿದುಬಿತ್ತು. ಐದನೆಯ ವಲಯದ ಅಂಗಡಿ ಬೆಳಕಿಗೆ ಬಂದದ್ದು ಕೂಡ, ಅಗೆಯದೆ ಉಳಿದ ಮಣ್ಣಿನ ದಿಬ್ಬಗಳು ಕುಸಿಯದಂತೆ ಇಳಿಜಾರು ಮಾಡಿ ಭದ್ರಪಡಿಸುವ ಕೆಲಸದಲ್ಲಿ. ಊರಿನ ಸುಮಾರು ಮೂರನೆಯ ಒಂದು ಭಾಗ ಇನ್ನೂ ಮಣ್ಣಿನಡಿಯಲ್ಲಿದೆ. ಅದು ಅಲ್ಲೇ ಇರುವುದು ಒಳ್ಳೆಯದೆಂದು ನಾನು ನಂಬುತ್ತೇನೆ.

ತಿರುಗಾಟ:

ಹೋಗಿ ಬಂದೆವು. ತಮ್ಮೆಲ್ಲರ ಸಲಹೆಯಿಂದ ಬಹಳ ಉಪಕಾರವಾಯಿತು. ತಾಯಿಯವರ ಕಾಲುನೋವನ್ನು ನೆನೆದು ಪಾಂಪೆಯನ್ನು ಬಿಟ್ಟು, ಹರ್ಕ್ಯುಲೇನಿಯಂ ಮತ್ತು ರೋಮ್ ಹತ್ತಿರದ ಓಸ್ತಿಯಾಗಳನ್ನು ಆರಿಸಿಕೊಂಡೆವು.

ಹರ್ಕ್ಯುಲೇನಿಯಂ ಚಿಕ್ಕದು. ಆದರೆ ಊರು ಇಂದಿನ ನೆಲಮಟ್ಟಕ್ಕಿಂತ ಸುಮಾರು 20 ಮೀಟರ್ ಆಳದಲ್ಲಿದೆ. ಜ್ವಾಲಾಮುಖಿಯ ಬಿಸಿಗೆ ಅಲ್ಲಿಯ ಮರ ಸುಟ್ಟು ಬೂದಿಯಾಗದೆ ಇದ್ದಿಲಾಗಿ ನಿಂತಿದೆ. ನೆಪ್ಚೂನ್ ಮತ್ತು ಆಂಫಿಟ್ರಿಟೆಯ ಮನೆಗೆ ಅಂಟಿಕೊಂಡ ಅಂಗಡಿಯಲ್ಲಿ ಕಟ್ಟೆಯ ಮೇಲಕ್ಕೆ ಮರದ ಅಟ್ಟವಿದೆ, ಎರಡು ಹಿಡಿಕೆಯ ಉದ್ದನೆಯ ಮಣ್ಣಿನ ಪಾತ್ರೆಗಳನ್ನು ಮಲಗಿಸಿಟ್ಟ ಮರದ ಚೌಕಟ್ಟು ಹಾಗೆಯೇ ಇದೆ. ಪಾಂಪೆಯ ಚಿತ್ರಗಳಲ್ಲಿ ಕಟ್ಟೆಯೊಂದೇ ಕಾಣುವುದರಿಂದ ಅಂಗಡಿಯೆಂದರೆ ಕಟ್ಟೆ ಎಂದುಕೊಂಡಿದ್ದೆ. ಇಲ್ಲಿ ನೋಡಿದರೆ ಸರಕೆಲ್ಲ ತಲೆಯ ಮೇಲೆ, ಅಟ್ಟದಲ್ಲಿ. ಗುಡಾಣದ ಪ್ರಶ್ನೆಗೆ ಇದೂ ಒಂದು ಉತ್ತರವಿರಬಹುದು: ದ್ರಾಕ್ಷಾರಸಕ್ಕೆ ಬೇರೆ ಪಾತ್ರೆಯೂ ಬೇರೆ ಜಾಗವೂ ಇರುವಾಗ, ಅಂಥ ಅಂಗಡಿಯಲ್ಲಿ ಅದನ್ನು ಗುಡಾಣಕ್ಕೆ ಸುರಿಯುವ ಅಗತ್ಯವೇನಿತ್ತು? ಅದೇ ಊರಿನ ಇನ್ನೊಂದು ಅಂಗಡಿಯ ಹೊರಗೋಡೆಯ ಮೇಲೆ ನಾಲ್ಕು ಹೂಜಿಗಳನ್ನು ಬೇರೆ ಬೇರೆ ಬಣ್ಣದಲ್ಲಿ ಬರೆದು, ಪ್ರತಿಯೊಂದರ ಕೆಳಗೆ ಬೆಲೆ ನಮೂದಿಸಿದ್ದಾರೆ. ಓದಲು ಬಾರದವನೂ ಬಣ್ಣ ತೋರಿಸಿ ಕೇಳಬಹುದಿತ್ತಲ್ಲ ಎಂದು ತಾಯಿ ಹೇಳಿದರು.

ಓಸ್ತಿಯಾ ರೋಮ್‌ನ ಹಳೆಯ ಬಂದರು. ಪೋರ್ತಾ ಸಾನ್ ಪಾವೊಲೊ ನಿಲ್ದಾಣದಿಂದ ಅರ್ಧ ಗಂಟೆಯ ರೈಲು. ಜ್ವಾಲಾಮುಖಿಯಲ್ಲಿ ಹೂತುಹೋದ ಊರಲ್ಲ, ಜನ ನಿಧಾನವಾಗಿ ಬಿಟ್ಟುಹೋದ ಊರು. ಪೈನ್ ಮರಗಳ ನೆರಳಿದೆ, ಜನಸಂದಣಿ ಕಡಿಮೆ. ಡಯಾನ ಬೀದಿಯ ಪಾನಗೃಹ ಪಾಂಪೆ ಹೂತುಹೋದ ಮೇಲೆ ಕಟ್ಟಿದ್ದು, ಆಮೇಲೂ ಮಾರ್ಪಟ್ಟಿದೆ. ಅಲ್ಲಿಯ ಕಟ್ಟೆಯ ಮೇಲೆ ಗುಡಾಣದ ಬಾಯಿಗಳೇ ಇಲ್ಲ. ಬದಲಿಗೆ ಅಮೃತಶಿಲೆಯ ಹೊದಿಕೆ, ಪಕ್ಕದಲ್ಲಿ ಮೆಟ್ಟಿಲಿನಂತೆ ಏರುವ ಅಮೃತಶಿಲೆಯ ಹಲಗೆಗಳು, ಅವುಗಳ ಮೇಲೆ ಗೋಡೆಯಲ್ಲಿ ತಿನಿಸುಗಳ ಬಣ್ಣದ ಚಿತ್ರ, ಹಿಂದೆ ಕಾರಂಜಿಯಿರುವ ಅಂಗಳ. ತಾಯಿಯವರು ಚಿತ್ರವನ್ನು ನೋಡಲೇ ಇಲ್ಲ. ಕಟ್ಟೆಯ ಕೆಳಭಾಗದಲ್ಲಿರುವ ನೀರಿನ ತೊಟ್ಟಿಯ ಮುಂದೆ ನಿಂತು, ‘ಇಲ್ಲಿ ಲೋಟ ತೊಳೆಯುತ್ತಿದ್ದರು’ ಎಂದರು. ಫಲಕದಲ್ಲಿಯೂ ಅದೇ ಬರೆದಿತ್ತು. ಅವರು ಫಲಕವನ್ನು ಓದಿರಲಿಲ್ಲ.

ಒಲೆಯಮುಂದೆ:

ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ. ತೊಳೆಯುವ ತೊಟ್ಟಿ ಗಿರಾಕಿಯ ಕಡೆಗಿದೆಯೋ, ಒಳಗಡೆಗಿದೆಯೋ? ನೀರು ಹೊರಗೆ ಹೋಗಲು ದಾರಿಯಿದೆಯೇ?

ತಿರುಗಾಟ:

ತಿಳಿಸಿದೆ, ಅವರಿಗೆ ಬಹಳ ಸಂತೋಷವಾಯಿತು. ನಾನು ತೆಗೆದ ಚಿತ್ರಗಳಲ್ಲಿ ಆ ಭಾಗ ನೆರಳಿನಲ್ಲಿದ್ದು ನೀರಿನ ದಾರಿ ಸ್ಪಷ್ಟವಾಗಿ ಕಾಣುತ್ತಿಲ್ಲ. ಮತ್ತೊಮ್ಮೆ ಹೋಗುವವರು ಕಟ್ಟೆಯ ಎರಡೂ ಕಡೆಯಿಂದ, ಕೆಳಮಟ್ಟದಲ್ಲಿ ಚಿತ್ರ ತೆಗೆದರೆ ಉಪಕಾರವಾಗುತ್ತದೆ.

ದೂರದಾರಿ:

ಮಾರ್ಚ್‌ನಲ್ಲಿ ನನಗೆ ಮತ್ತೆ ರೋಮ್‌ನಲ್ಲಿ ಕೆಲಸವಿದೆ. ಓಸ್ತಿಯಾಕ್ಕೆ ಹೋಗಿ ತೊಟ್ಟಿಯ ಒಳಗು, ಹೊರಗು, ನೀರು ಹೋಗುವ ದಾರಿಯ ಚಿತ್ರಗಳನ್ನು ತೆಗೆದು ಇಲ್ಲಿಯೇ ಹಾಕುತ್ತೇನೆ. ಹೊಸ್ತಿಲಿನ ತೋಡಿನ ಅಗಲವನ್ನೂ ಅಳೆಯಬೇಕೆಂದಿದ್ದೇನೆ, ಕಲ್ಲನ್ನು ಮುಟ್ಟದೆ.